ಮಡಿಚಿಟ್ಟ ಕಾಲಂ

ಮಾವನ ಕಣ್ಣಳತೆಯನ್ನು ನಂಬಿ ಆ ಹೊಲಿಗೆ ಅಂಗಡಿ ಮೂವತ್ತು ವರ್ಷ ನಡೆದಿತ್ತು. ಊರಿನ ನಾಲ್ಕು ಶಾಲೆಗಳ ಯೂನಿಫಾರಂ ತಯಾರಾಗುತ್ತಿದ್ದುದು ಅಲ್ಲಿಯೇ. ಪರೀಕ್ಷೆ ಮುಗಿಯುವ ವಾರ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಒಂದೊಂದು ದಿನ ಒಂದೊಂದು ಶಾಲೆಯ ಗೇಟಿನೆದುರು, ರಸ್ತೆಯ ಆಚೆ ಬದಿಯಲ್ಲಿ ನಿಲ್ಲುತ್ತಿದ್ದರು. ಗಂಟೆ ಹೊಡೆದು ಮಕ್ಕಳು ಗುಂಪುಗುಂಪಾಗಿ ಹೊರಗೆ ಬರುವುದನ್ನು ಕಾಲು ಗಂಟೆ ನೋಡುವುದು, ಅಂಗಡಿಗೆ ಬಂದು ಕಟಿಂಗ್ ಮೇಜಿನ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದು: ಎದೆಯಳತೆ ಇಪ್ಪತ್ನಾಲ್ಕರ ಅಂಗಿ ಇಷ್ಟು, ಇಪ್ಪತ್ತಾರರದ್ದು ಇಷ್ಟು, ಮೂವತ್ತರದ್ದು ಇಷ್ಟು. ಅದೇ ವೇದವಾಕ್ಯ. ರಜೆಯಿಡೀ ಅದರಂತೆ ಹೊಲಿದಿಟ್ಟರೆ, ಶಾಲೆ ತೆರೆದ ಹತ್ತೇ ದಿನಕ್ಕೆ ಕಪಾಟು ಖಾಲಿ.

ಸೊಸೆ ಆ ಮನೆಗೆ ಬಂದಾಗ ಅವಳಿಗೆ ಗುಂಡಿ ಹಾಕಲೂ ಬರುತ್ತಿರಲಿಲ್ಲ. ಮಾವನೇ ಕಲಿಸಿದರು. ಮೊದಲು ಗುಂಡಿ, ಆಮೇಲೆ ಕಾಜ, ಆಮೇಲೆ ಕಾಲರು. ಹದಿನೈದು ವರ್ಷವಾಗುವಷ್ಟರಲ್ಲಿ ಗಂಡ ಮಷಿನ್ನುಗಳ ಕಡೆ, ಅವಳು ಗಿರಾಕಿಗಳ ಕಡೆ ಎಂದಾಗಿತ್ತು.

ಆದರೆ ಕೆಲವು ವರ್ಷಗಳಿಂದ ಮಾವನ ಲೆಕ್ಕ ದಾರಿ ತಪ್ಪಿತ್ತು. ಮಾರಾಟವಾಗದ ಚಿಕ್ಕ ಅಂಗಿಗಳ ಗಂಟುಗಳು ಅಟ್ಟ ಸೇರುತ್ತಿದ್ದವು, ದೊಡ್ಡ ಅಳತೆಯವು ಮೂರನೇ ದಿನಕ್ಕೇ ಮುಗಿಯುತ್ತಿದ್ದವು. ಒಂದು ಬೆಳಿಗ್ಗೆ, ಶಾಲೆ ತೆರೆದ ನಾಲ್ಕನೇ ದಿನ, ಒಬ್ಬ ತಾಯಿ ಮಗಳ ಕೈ ಹಿಡಿದು ಬಂದಳು. ಹುಡುಗಿ ಒಂದೇ ವರ್ಷದಲ್ಲಿ ಬಿದಿರಿನ ಹಾಗೆ ಬೆಳೆದಿದ್ದಳು.

"ಮೂವತ್ತರದ್ದು ಒಂದೂ ಇಲ್ವಾ? ನಿಮ್ಮನ್ನೇ ನಂಬ್ಕೊಂಡಿದ್ನಲ್ಲಮ್ಮ."

"ನಾಲ್ಕು ದಿನ ಬಿಟ್ಟು ಬನ್ನಿ, ಹೊಲಿದು ಕೊಡ್ತೀವಿ."

ತಾಯಿ ಖಾಲಿ ಚೀಲ ಮಡಿಚಿಕೊಂಡು ಮೆಟ್ಟಿಲಿಳಿದಳು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು ಸೊಸೆಗೆ.

"ಮಾವನಿಗೆ ಒಂದು ಮಾತು ಹೇಳಬಾರದಾ?" ಎಂದು ಗಂಡನನ್ನು ಕೇಳಿದಳು.

"ಬೆಕ್ಕಿಗೆ ಗಂಟೆ ಕಟ್ಟೋರು ಯಾರು? ನಾನಂತೂ ಇಲಿ. ಬಿಲದಲ್ಲೇ ಇರ್ತೀನಿ," ಎಂದು ಅವನು ಮಷಿನ್ ತುಳಿದ.

ಅದೇ ಬೀದಿಯ ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಕಂಪ್ಯೂಟರ್ ಕ್ಲಾಸಿನ ಬೋರ್ಡು ನೇತುಬಿದ್ದದ್ದು ಆ ವರ್ಷವೇ. 'ವ್ಯಾಪಾರಸ್ಥರಿಗೆ ಸ್ಪ್ರೆಡ್‌ಶೀಟ್, ವಾರಕ್ಕೆ ಮೂರು ಬೆಳಿಗ್ಗೆ' ಎಂದಿತ್ತು. ಸೊಸೆ ಸೇರಿಕೊಂಡಳು. ಒಟ್ಟು ಐದು ಜನ ವಿದ್ಯಾರ್ಥಿಗಳು. ಔಷಧದಂಗಡಿಯವರು, ಐಸ್ ಫ್ಯಾಕ್ಟರಿಯವರು, ಎಲ್ಲರೂ ನಲವತ್ತರ ಆಸುಪಾಸಿನವರು. ಕಲಿಸುವ ಟೀಚರಿಗೆ ಇಪ್ಪತ್ಮೂರು ತುಂಬಿತ್ತೋ ಇಲ್ಲವೋ. ಮೊದಲ ದಿನ ಮೌಸನ್ನು ಮೇಲೆ ಸರಿಸಿ ಅಂದಾಗ ಐಸ್ ಫ್ಯಾಕ್ಟರಿಯವರು ಅದನ್ನು ಗಾಳಿಯಲ್ಲಿ ಎತ್ತಿ ಹಿಡಿದರು. ನಗಬಾರದೆಂದು ಟೀಚರು ಕಿಟಕಿಯ ಕಡೆ ತಿರುಗಿಕೊಂಡಳು.

ಮೂರನೇ ಕ್ಲಾಸಿನಲ್ಲಿ ಪರದೆಯ ಮೇಲೆ ಸೊಸೆ ಅಂಕಿ ಬರೆದ ಚೌಕದ ಮನೆಯ ತುಂಬ ಇದ್ದಕ್ಕಿದ್ದಂತೆ ಜಾಲರಿಯಂಥ ಗುರುತುಗಳು ಬಂದುಬಿಟ್ಟವು. ಅವಳು ಥಟ್ಟನೆ ಕೈ ಹಿಂದೆ ಎಳೆದುಕೊಂಡಳು.

"ಟೀಚರ್, ನಿಮ್ಮ ಕಂಪ್ಯೂಟರ್ ಕೆಡಿಸಿಬಿಟ್ಟೆ ಅನ್ಸುತ್ತೆ."

"ಏನೂ ಕೆಟ್ಟಿಲ್ಲ ಆಂಟಿ. ಕಾಲಂ ಇಕ್ಕಟ್ಟಾಗಿದೆ, ಅಂಕಿ ಹಿಡಿಸ್ತಿಲ್ಲ. ಅಂಚು ಹಿಡಿದು ಅಗಲ ಮಾಡಿ."

"ಓ, ಸೈಡ್ ಹೊಲಿಗೆ ಬಿಚ್ಚಿ ಲೂಸ್ ಬಿಡೋ ಹಾಗೆ!"

ಅಲ್ಲಿಂದ ಅವಳಿಗೆ ದಾರಿ ಸಿಕ್ಕಿತು. ಸೂತ್ರದೊಳಗೆ ಡಾಲರ್ ಗುರುತು ಹಾಕಿದರೆ ಗುಂಡುಪಿನ್ನು ಚುಚ್ಚಿದ ಹಾಗೆ, ಸೂತ್ರ ಎಲ್ಲಿಗೆ ಹೋದರೂ ಆ ಮನೆ ಅಲ್ಲಾಡುವುದಿಲ್ಲ. ಒಂದು ಮನೆಯಲ್ಲಿ ಬರೆದ ಸೂತ್ರವನ್ನು ಕೆಳಗೆ ಎಳೆದರೆ ಒಂದೇ ಕಚ್ಚಾ ಹೊಲಿಗೆ ಉದ್ದಕ್ಕೂ ಓಡಿದಂತೆ ಓಡುತ್ತದೆ. ಅವಳ ಹೋಲಿಕೆಗಳನ್ನು ಟೀಚರು ತನ್ನ ಪುಸ್ತಕದಲ್ಲಿ ಬರೆದುಕೊಳ್ಳತೊಡಗಿದಳು.

ಹಳೆಯ ಕಂಪ್ಯೂಟರೊಂದು ಅಂಗಡಿಗೆ ಬಂತು. ಇನ್ನು ಬೇಕಾದದ್ದು ಅಂಕಿಗಳು. ಅವು ಇದ್ದದ್ದು ಮಾವನ ಅಳತೆ ಪುಸ್ತಕಗಳಲ್ಲಿ, ಹನ್ನೊಂದು ವರ್ಷದವು ಹನ್ನೊಂದು. ಹೊಲಿದಿಟ್ಟ ಅಂಗಿಗಳ ಲೆಕ್ಕ ಮೊದಲ ಪುಟದಲ್ಲಿ. ಆಮೇಲೆ ಬಂದ ಒಂದೊಂದು ಮಗುವಿನ ಅಳತೆ, ಸಿಗದೆ ಹೋದವರ ಮುಂದೆ ಒಂದು ಅಡ್ಡಗೆರೆ.

"ನನ್ನ ಕಣ್ಣಿಗೇ ಪರೀಕ್ಷೆ ಇಡ್ತೀಯೇನಮ್ಮ?" ಎಂದರು ಮಾವ. ಎಪ್ಪತ್ತರ ಹತ್ತಿರ ಬಂದರೂ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುವ ಮನುಷ್ಯ. ಆ ಕಣ್ಣಿನ ಮೇಲೆ ಮನೆಯವರಿಗೆಲ್ಲ ಹೆಮ್ಮೆ.

"ಪರೀಕ್ಷೆ ಅಲ್ಲ ಮಾವ, ಪಾಠ. ನಿಮ್ಮ ಅಕ್ಷರ ನಿಮ್ಮನ್ನ ಬಿಟ್ಟು ಯಾರಿಗೂ ಓದಕ್ಕೆ ಬರಲ್ಲ. ನೀವು ಓದಿ, ನಾನು ಬರ್ಕೋತೀನಿ."

ಓದುವ ಕೆಲಸ ಎಂದಾಗ ಅವರ ಮುಖ ಸಡಿಲವಾಯಿತು. ಊಟದ ಬಳಿಕ ಮಷಿನ್ನುಗಳು ಸುಮ್ಮನಾಗುವ ಹೊತ್ತಿಗೆ ಇಬ್ಬರೂ ಕೂರುತ್ತಿದ್ದರು. ಪುಸ್ತಕವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ಮಾವ ಓದುವುದು: "ಎದೆ ಇಪ್ಪತ್ತೆಂಟು, ಉದ್ದ ಇಪ್ಪತ್ತು... ಇವಳು ನಿಂತಲ್ಲಿ ನಿಲ್ಲೋಳಲ್ಲ, ಮೂರು ಸಲ ಅಳೀಬೇಕಾಯ್ತು. ಎದೆ ಇಪ್ಪತ್ತಾರು, ಎಡ ಭುಜ ಇಳಿಜಾರು. ಅಂಚೆಯವನ ಎರಡನೇ ಮಗ. ಅವರಪ್ಪಂದೂ ಹಾಗೇ ಇತ್ತು." ಅಂಕಿಗಿಂತ ಕಥೆಯೇ ಹೆಚ್ಚು. ಎರಡು ವಾರದ ಕೆಲಸಕ್ಕೆ ಎರಡು ತಿಂಗಳು ಹಿಡಿಯಿತು. ಸೊಸೆ ಅವಸರ ಮಾಡಲಿಲ್ಲ. ತನ್ನ ಬಾಳಿನಲ್ಲಿ ಮಾವನ ಜೊತೆ ಅಷ್ಟು ಮಾತಾಡಿದ್ದು ಆ ಮಧ್ಯಾಹ್ನಗಳಲ್ಲೇ ಎಂದು ಅವಳು ಈಗಲೂ ನೆನೆಯುತ್ತಾಳೆ.

ಎಲ್ಲ ತುಂಬಿಸಿದ ಮೇಲೆ ವರ್ಷಕ್ಕೊಂದು ಸಾಲಿನ ಹಾಳೆ ಮಾಡಿದಳು. ಹೊಲಿದದ್ದೆಷ್ಟು, ಬೇಕಾದದ್ದೆಷ್ಟು, ಅಳತೆವಾರು ಕೂಡಿದರೆ ತಪ್ಪಿದ್ದೆಷ್ಟು. ತಪ್ಪಿದ ಕಾಲಮ್ಮನ್ನು ನೋಡಿ ಅವಳ ಕೈ ನಿಂತಿತು. ಏಳು ವರ್ಷ ಹನ್ನೆರಡು, ಒಂಬತ್ತು, ಹದಿನಾಲ್ಕು, ಹೀಗೇ. ಆಮೇಲೆ ಮೂವತ್ತೆಂಟು. ಅರವತ್ತೊಂದು. ತೊಂಬತ್ತೇಳು. ನೂರನಲವತ್ತು.

ಮರುದಿನ ಟೀಚರನ್ನು ಕೇಳಿದಳು: "ಒಂದು ಕಾಲಂ ಅಳಿಸದೇ ಮರೆ ಮಾಡಕ್ಕೆ ಆಗುತ್ತಾ?"

ಆಗುತ್ತಿತ್ತು. ಆ ಮಧ್ಯಾಹ್ನ ಮಾವನಿಗೆ ಹಾಳೆ ತೋರಿಸುವಾಗ ಬರೀ ಮುಂದಿನ ವರ್ಷದ ಅಂದಾಜಿನ ಬಗ್ಗೆ ಮಾತಾಡಿದಳು. ಗ್ರಾಫಿನಲ್ಲಿ ಇಪ್ಪತ್ನಾಲ್ಕರ ಗೆರೆ ಇಳಿಯುತ್ತಿತ್ತು, ಮೂವತ್ತರದ್ದು ಏರುತ್ತಿತ್ತು. "ಮಕ್ಕಳು ಮೊದಲಿಗಿಂತ ಬೇಗ ಬೆಳೀತಿದ್ದಾರೆ ಮಾವ, ಅಷ್ಟೇ."

ಮಾವ ಪರದೆಗೆ ಮುಖವಿಟ್ಟು, ಕಾಲಮ್ಮುಗಳ ತಲೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ನೋಡಿದರು.

"ಡಿ ಆದ್ಮೇಲೆ ಎಫ್ ಬಂದಿದೆ. ಇ ಎಲ್ಲಿ?"

ಅವಳು ಮೌಸನ್ನು ಪಕ್ಕಕ್ಕೆ ಸರಿಸಿದಳು.

"ಇಲ್ಲೇನೋ ಒಳಗೆ ಮಡಿಚಿಟ್ಟಿದ್ದೀಯ. ಐವತ್ತು ವರ್ಷ ಬಟ್ಟೆ ಮಡಿಚಿದೋನಿಗೆ ಮಡಿಕೆ ಗೊತ್ತಾಗಲ್ವಾ? ಬಿಚ್ಚಮ್ಮ."

ಬಿಚ್ಚಿದಳು. ಮಾವ ಮೇಲಿಂದ ಕೆಳಗೆ ಬೆರಳಿಟ್ಟು ಓದಿದರು. ಮೂವತ್ತೆಂಟರ ಹತ್ತಿರ ಬೆರಳು ನಿಂತಿತು.

"ನಿನಗೆ ಒಂದು ಮಾತು ಹೇಳ್ತೀನಿ, ಮನೇಲಿ ಗಲಾಟೆ ಮಾಡಬೇಡ. ನಾಲ್ಕು ವರ್ಷದಿಂದ ನನಗೆ ಗೇಟಿನ ಹತ್ರ ಮಕ್ಕಳು ಕಾಣಿಸ್ತಿಲ್ಲ. ಬಣ್ಣ ಕಾಣುತ್ತೆ, ಅಷ್ಟೆ. ಹೋಗಿ ನಿಂತ್ಕೋತಿದ್ದೆ. ಬಂದು, ಹಳೇ ನೆನಪಲ್ಲಿ ಬರೀತಿದ್ದೆ."

"ಸೂಜಿಗೆ ದಾರ..."

"ಹತ್ರದ್ದು ಚೆನ್ನಾಗೇ ಕಾಣುತ್ತೆ. ಅದಕ್ಕೇ ಯಾರೂ ಕೇಳಲಿಲ್ಲ. ನಾನೂ ಹೇಳಲಿಲ್ಲ. ಕಣ್ಣು ಹೋದ್ರೆ ನಾನು ಈ ಅಂಗಡಿಗೆ ಏನಮ್ಮ?"

ಸೊಸೆ ಎದ್ದು ಹೋಗಿ ಎರಡು ಲೋಟ ಟೀ ಮಾಡಿಕೊಂಡು ಬಂದಳು. ಕುಡಿದು ಮುಗಿಸಿ ಅಂದಳು, "ನಾಳೆ ಕಣ್ಣಿನ ಡಾಕ್ಟರ ಹತ್ರ ಹೋಗೋಣ. ನೀವು ಓದಿ ಹೇಳಿದ್ದಕ್ಕೇ ಈ ಹಾಳೆ ಆಗಿದ್ದು ಮಾವ."

ಡಾಕ್ಟರು ಪೊರೆ ಬಂದಿದೆ ಎಂದರು. ಹತ್ತಿರದ್ದು ಸ್ಪಷ್ಟವಾಗಿ ಕಾಣುವುದೂ ಆ ಪೊರೆಯ ಆಟವೇ ಅಂತೆ. ಒಂದು ತಿಂಗಳ ಅಂತರದಲ್ಲಿ ಎರಡು ಕಣ್ಣಿಗೂ ಆಪರೇಷನ್ ಆಯಿತು. ದೂರದ್ದು ತೊಳೆದಿಟ್ಟಂತೆ ಕಾಣತೊಡಗಿತು, ಸೂಜಿಗೆ ಮಾತ್ರ ಕನ್ನಡಕ ಬಂತು. "ಒಂದು ಕೊಟ್ಟು ಒಂದು ಕಿತ್ಕೊಂಡ," ಎಂದು ಮಾವ ಡಾಕ್ಟರನ್ನು ಪ್ರೀತಿಯಿಂದ ಬೈದರು.

ಪರೀಕ್ಷೆಯ ವಾರ ಅವರು ಮತ್ತೆ ಗೇಟುಗಳೆದುರು ನಿಂತರು. ಈ ಸಲ ಸೊಸೆಯೂ ಜೊತೆಗೆ, ಕೈಯಲ್ಲಿ ಹಾಳೆಯ ಪ್ರಿಂಟು.

"ಮೂವತ್ತೆರಡರದ್ದು ಎಷ್ಟು ಹಾಕಿದ್ದೀಯ?"

"ನಲವತ್ತು."

"ಸಾಲದು. ಆ ಹೊಸ ಬ್ಯಾಚು ನೋಡು, ಏಣಿ ಇದ್ದ ಹಾಗಿದ್ದಾರೆ. ಅರವತ್ತು ಮಾಡು."

ಹಾಳೆಗೆ ಗೊತ್ತಿದ್ದದ್ದು ಹೋದ ವರ್ಷದವರೆಗಿನ ಮಕ್ಕಳು. ಆಚೆ ಊರಿನ ಶಾಲೆ ವರ್ಷದ ನಡುವೆ ಮುಚ್ಚಿ ಅಲ್ಲಿಯ ದೊಡ್ಡ ಮಕ್ಕಳು ಇಲ್ಲಿಗೆ ಬಂದು ಸೇರಿದ್ದು ಅದಕ್ಕೆ ಹೇಗೆ ಗೊತ್ತಾಗಬೇಕು? ಸೊಸೆ ಹಾಳೆಯಲ್ಲಿ ಇನ್ನೊಂದು ಕಾಲಂ ಸೇರಿಸಿ, ತಲೆಗೆ 'ಮಾವ' ಎಂದು ಬರೆದಳು. ಬಟ್ಟೆ ಕತ್ತರಿಸುವ ಮುಂಚೆ ಎರಡೂ ಅಂದಾಜುಗಳನ್ನು ಪಕ್ಕಪಕ್ಕ ಇಟ್ಟು, ಒಂದೊಂದು ಅಳತೆಗೂ ಇಬ್ಬರೂ ಜಗಳವಾಡಿ ತೀರ್ಮಾನಕ್ಕೆ ಬಂದರು. ಇಪ್ಪತ್ನಾಲ್ಕರಲ್ಲಿ ಸೊಸೆ ಗೆದ್ದಳು, ಮೂವತ್ತೆರಡರಲ್ಲಿ ಮಾವ.

ಆ ವರ್ಷ ಶಾಲೆ ತೆರೆದ ವಾರ ಯಾರೂ ಬರಿಗೈಯಲ್ಲಿ ಮೆಟ್ಟಿಲಿಳಿಯಲಿಲ್ಲ. ಉಳಿದದ್ದು ಹದಿನಾರು ಅಂಗಿ. ಗಂಡ ಅವನ್ನು ಎರಡು ಸಲ ಎಣಿಸಿ, "ಇಷ್ಟೇನಾ? ಇಲಿಗೆ ಗೂಡು ಕಟ್ಟಕ್ಕೂ ಸಾಲಲ್ವಲ್ಲ," ಎಂದ.

ಹಳೆಯ ಗಂಟುಗಳನ್ನು ದೂರದ ಎರಡು ಚಿಕ್ಕ ಶಾಲೆಗಳಿಗೆ ಕೊಟ್ಟು, ಒಂದು ಭಾನುವಾರ ಮೂವರೂ ಸೇರಿ ಅಟ್ಟ ಗುಡಿಸಿದರು. ಕೊನೆಯ ಗಂಟು ಎಳೆದಾಗ ಗೋಡೆಯಲ್ಲಿ ಒಂದು ಪುಟ್ಟ ಕಿಟಕಿ ಕಂಡಿತು. ಅಂಗಡಿ ಕಟ್ಟಿಸಿದಾಗ ತಾವೇ ಇಡಿಸಿದ್ದನ್ನು ಮಾವ ಮರೆತೇಬಿಟ್ಟಿದ್ದರು. ಗಂಡ ಅಗಳಿಯನ್ನು ಸುತ್ತಿಗೆಯಿಂದ ಬಡಿದು ತೆರೆದ. ತಂಪು ಗಾಳಿ ಒಳಗೆ ನುಗ್ಗಿತು. ಮೂವರೂ ಧೂಳು ಮೆತ್ತಿದ ಬಟ್ಟೆಯಲ್ಲೇ ಅಲ್ಲಿ ಕುಳಿತು, ಸಂಜೆಯಾಗುವವರೆಗೆ ಏನೇನೋ ಹರಟಿದರು.

ಈಗ ಅಂಗಡಿ ದೊಡ್ಡದಾಗಿದೆ, ಮಾವ ಇಲ್ಲ. ಸೊಸೆಯ ತಲೆಯೂ ಅರ್ಧ ಬೆಳ್ಳಗಾಗಿದೆ. ಆ ವರ್ಷದ ಲಾಭ ಎಷ್ಟು ಬಂತೆಂದು ಯಾರಾದರೂ ಕೇಳಿದರೆ ಅವಳು ಕಡತ ತೆಗೆದೇ ಹೇಳಬೇಕು. ಆ ಭಾನುವಾರದ ಗಾಳಿ ಎಷ್ಟು ತಂಪಾಗಿತ್ತು ಎನ್ನುವುದನ್ನು ಮಾತ್ರ ಯಾವ ಹಾಳೆಯನ್ನೂ ನೋಡದೆ ಹೇಳುತ್ತಾಳೆ.