ಕಿತ್ತವನೇ ಹಾಕಬೇಕು

ಕರೆಂಟು ಮೇಸ್ತ್ರಿಗೆ ಸಿಟ್ಟು ಬಂದರೆ ಗೋಡೆಗಳೂ ಒಂದು ಹೆಜ್ಜೆ ಹಿಂದೆ ಸರಿಯುತ್ತವೆ ಎಂದು ಅವನ ಹೆಂಡತಿ ಹೇಳುತ್ತಿದ್ದಳು. ಆವತ್ತು ಮಧ್ಯಾಹ್ನ ಗೋಡೆಗಳಿಗೆ ಸರಿಯಲು ಜಾಗವೇ ಉಳಿದಿರಲಿಲ್ಲ. ಎಂಟು ದಿನ ಆಸ್ಪತ್ರೆಯಲ್ಲಿದ್ದು, ಹೊಟ್ಟೆಗೆ ಹನ್ನೊಂದು ಹೊಲಿಗೆ ಹಾಕಿಸಿಕೊಂಡು ಅವಳು ಆಗಷ್ಟೇ ಮನೆಗೆ ಬಂದಿದ್ದಳು. ಹೊಲಿಗೆ ಬೆವರಿನಲ್ಲಿ ನೆನೆಯಬಾರದು, ಕೋಣೆ ತಂಪಾಗಿರಲಿ ಎಂದು ಡಾಕ್ಟರು ಎರಡೆರಡು ಸಲ ಹೇಳಿ ಕಳಿಸಿದ್ದರು. ಹೊರಗೆ ಕಾದ ಕಾವಲಿಯಂಥ ಬಿಸಿಲು. ಒಳಗೆ, ಇಡೀ ಮನೆಗೆ ತಂಪು ಹಂಚುವ ಏಸಿ ಸತ್ತು ಮಲಗಿತ್ತು.

"ರೀ, ಅದಕ್ಕೆ ಬೈದ್ರೆ ಎದ್ದು ಕೂರುತ್ತಾ? ನಂಗೆ ಬೈದ್ರೂ ನಾನೇ ಏಳೋದಿಲ್ಲ, ಈಗ."

"ನೀನು ಸುಮ್ನೆ ಮಲ್ಕೋ!"

ತಂಪು ಎಷ್ಟಿರಬೇಕೆಂದು ಏಸಿಗೆ ಹೇಳುವ, ಗೋಡೆಯ ಥರ್ಮೋಸ್ಟಾಟಿನ ಪುಟ್ಟ ಪರದೆ ಬೆಳ್ಳಗೆ ಕಣ್ಣು ಬಿಟ್ಟುಕೊಂಡಿತ್ತು, ಒಂದಂಕಿಯೂ ಇಲ್ಲ. ಬ್ಯಾಟರಿ ಬದಲಿಸಿದ. ಅಂಕಿಗಳು ಮೂಡಿದವು, ಯಂತ್ರ ಮಾತ್ರ ಊಹೂಂ. ಮೆಟ್ಟಿಲ ಕೆಳಗಿನ ಬೋರ್ಡಿಗೆ ಹೋಗಿ ಏಸಿಯ ಎಂಸಿಬಿ ಸ್ವಿಚ್ಚನ್ನು ಪೂರ್ತಿ ಕೆಳಗೆ ಎಳೆದು ಮತ್ತೆ ಮೇಲಕ್ಕೆ ಒತ್ತಿದ. ಟೆಸ್ಟರ್ ಇಟ್ಟರೆ ಕೆಂಪಗೆ ಉರಿಯಿತು. ಬೋರ್ಡಿನಿಂದ ಕರೆಂಟು ಹೊರಟಿದೆ, ಯಂತ್ರಕ್ಕೆ ಮುಟ್ಟಿಲ್ಲ. ಹಾಗಾದರೆ ತೊಂದರೆ ಇರುವುದು ಯಂತ್ರ ಕೂತಿರುವ ಹಿತ್ತಲಿನಲ್ಲಿ. ಹಿತ್ತಲಿನಲ್ಲಿ ಕೊನೆಯದಾಗಿ ಕೈ ಆಡಿಸಿದವನು ಮಗ.

ಮೇಸ್ತ್ರಿಯ ತಲೆಗೆ ರಕ್ತ ಏರಿತು.

ಮಗನೂ ಅದೇ ಕಸುಬಿನವನು. ಅಮ್ಮನನ್ನು ಆಸ್ಪತ್ರೆಗೆ ಸೇರಿಸುವ ದಿನ ಬೆಳಿಗ್ಗೆ, ಅವಳು ಬರುವಷ್ಟರಲ್ಲಿ ಯಂತ್ರ ಚೊಕ್ಕಟವಾಗಿರಲಿ ಎಂದು ತೊಳೆಯಲು ಕೂತಿದ್ದ. ಅಪ್ಪ ತಲೆಯ ಮೇಲೆ ನಿಂತು, ಬ್ರಷ್ ಹಾಗೆ ಹಿಡಿಯಬೇಡ, ನೀರು ಹೀಗೆ ಬಿಡಬೇಡ ಎಂದು ಕೊರೆದೇ ಕೊರೆದ. "ನಲವತ್ತು ವರ್ಷ ಆಯ್ತು ನಂಗೆ, ಇನ್ನೂ ಬ್ರಷ್ ಹಿಡಿಯೋಕೆ ಬರಲ್ವಾ?" ಎಂದ ಮಗ. ಮಾತಿಗೆ ಮಾತು ಬೆಳೆಯಿತು. "ಇನ್ಮೇಲೆ ಈ ಹೊಸ್ತಿಲು ತುಳೀಬೇಡ" ಎಂದ ಅಪ್ಪ. ಮಗ ಬ್ರಷ್ಷನ್ನು ಬಕೆಟ್ಟಿಗೆ ಎಸೆದು ನಡೆದೇ ಬಿಟ್ಟ. ಆಮೇಲೆ ಮನೆಗೆ ಬೀಗ, ಅಪ್ಪನಿಗೆ ಆಸ್ಪತ್ರೆಯ ಬೆಂಚು. ಏಸಿಯ ಕಡೆ ತಿರುಗಿ ನೋಡಿದವರು ಯಾರು?

ಹಿತ್ತಲ ಗೋಡೆಯ ಮೇಲಿನ ತಗಡಿನ ಡಬ್ಬಿಯನ್ನು ಮೇಸ್ತ್ರಿ ಕಿತ್ತುಹೋಗುವ ಹಾಗೆ ತೆರೆದ. ಪಿಂಗಾಣಿ ಫ್ಯೂಸು ಕೂರುವ ಜಾಗ ಬೋಳು ಬೋಳು. ಹಲ್ಲು ಉದುರಿದ ಮುದುಕಿ ನಕ್ಕ ಹಾಗಿತ್ತು.

ಯಾರ ಜೇಬಿನಲ್ಲಿದೆ ಎಂದು ಹುಡುಕುವ ಕೆಲಸವೇ ಇರಲಿಲ್ಲ. ಕೆಲಸಕ್ಕೆ ಕೈ ಹಾಕುವ ಮುಂಚೆ ಫ್ಯೂಸು ಕೀಳು, ನಿನ್ನ ಜೇಬಿಗೇ ಹಾಕಿಕೋ, ಬೇರೆಯವರ ಕೈಗೆ ಕೊಡಬೇಡ, ಕಿತ್ತವನೇ ಹಾಕಬೇಕು. ಮಗನಿಗೆ ಇದನ್ನು ಕಲಿಸಿದವನು ತಾನೇ. ಒಮ್ಮೆ ಫ್ಯೂಸನ್ನು ಕಟ್ಟೆಯ ಮೇಲಿಟ್ಟು ಕೆಲಸಕ್ಕೆ ಕೂತಿದ್ದಾಗ ಯಾರೋ ಪುಣ್ಯಾತ್ಮ ತಂದು ಸಿಕ್ಕಿಸಿದ್ದ. ತನ್ನ ಎಡಗೈ ಕಿರುಬೆರಳು ಅರ್ಧವೇ ಉಳಿದದ್ದು ಆವತ್ತಿನಿಂದ.

"ಬಡ್ಡೀಮಗ" ಎಂದು ಹಲ್ಲು ಕಡಿದ. ಚೀಲದಿಂದ ಎರಡಿಂಚು ತಾಮ್ರದ ತಂತಿ ತೆಗೆದ. ಅಡ್ಡ ಸಿಕ್ಕಿಸಿದರೆ ಮುಗಿಯಿತು, ಯಾರ ಮುಂದೂ ಕೈ ಒಡ್ಡುವ ಹಂಗಿಲ್ಲ. ಎಂಸಿಬಿ ಇಳಿಸಿ ಬಂದು ತಂತಿಯನ್ನು ಡಬ್ಬಿಯ ಬಾಯಿಗೆ ಒಯ್ದವನು, ತನ್ನ ಮೊಂಡು ಬೆರಳು ಕಣ್ಣಿಗೆ ಬಿದ್ದು ನಿಂತ. ಫ್ಯೂಸಿನ ಜಾಗದಲ್ಲಿ, ಬೆಂಕಿಗೆ ದಾರಿಯಾಗುವ ಇಂಥ ತಂತಿ ಸಿಕ್ಕಿಸಿದ್ದಕ್ಕೆ ಎಷ್ಟು ಹುಡುಗರ ಕೆನ್ನೆಗೆ ಬಾರಿಸಿಲ್ಲ ಅವನು?

"ರೀ, ಬ್ಯಾಂಡೇಜು ಒದ್ದೆ ಆಗ್ತಾ ಇದೆ" ಎಂದಳು ಹೆಂಡತಿ, ಕಿಟಕಿಯ ಒಳಗಿನಿಂದ. ದನಿಯಲ್ಲಿ ತಮಾಷೆ ಇರಲಿಲ್ಲ.

ತಂತಿಯನ್ನು ಗೋಡೆಗೆ ಬೀಸಿ ಒಗೆದು ಮಗನಿಗೆ ಫೋನು ಒತ್ತಿದ.

"ಎಲ್ಲೋ ಫ್ಯೂಸು?"

"ಜೇಬಲ್ಲಿದೆ. ಎಂಟು ದಿನದಿಂದ ತೊಡೆಗೆ ಚುಚ್ತಾ ಇದೆ."

"ಕಳ್ಳ ನನ್ಮಗನೆ! ಇಲ್ಲಿ ನಿಮ್ಮಮ್ಮ ಬೆವರಲ್ಲಿ ಬೇಯ್ತಾ ಇದ್ದಾಳೆ!"

"ಅಮ್ಮ ಬಂದ್ಬಿಟ್ಳಾ? ಆಸ್ಪತ್ರೇಲಿ ನಾಳೆ ಬಿಡ್ತೀವಿ ಅಂದಿದ್ರಲ್ಲ! ಬೆಳಿಗ್ಗೆ ಬಂದು ಹಾಕೋಣ ಅಂತಿದ್ದೆ. ನೀನ್ಯಾಕೆ ಒಂದು ಮಾತು ಹೇಳ್ಲಿಲ್ಲ?" ಆ ಕಡೆ ಫೋನು ಕಟ್ಟಾಯಿತು.

ಹತ್ತು ನಿಮಿಷಕ್ಕೆ ಮಗ ಪಕ್ಕದ ಸಂದಿಯಲ್ಲಿ ನುಸುಳಿ ಹಿತ್ತಲಿಗೆ ಬಂದ.

"ಹೊಸ್ತಿಲು ತುಳಿದಿಲ್ಲ, ನೋಡ್ಕೋ."

"ಬಾಯಿ ಮುಚ್ಕೊಂಡು ಕೊಡು ಇಲ್ಲಿ" ಎಂದು ಮೇಸ್ತ್ರಿ ಕೈ ಚಾಚಿದ.

ಮಗ ಕೊಡಲಿಲ್ಲ. "ಕಿತ್ತವನೇ ಹಾಕ್ಬೇಕು."

ಮೇಸ್ತ್ರಿ ಚಾಚಿದ ಕೈಯನ್ನು ಲುಂಗಿಗೆ ಒರೆಸಿಕೊಂಡ. ಎಂಸಿಬಿ ಇಳಿದಿದೆಯೇ ಎಂದು ಮಗ ಕೇಳಿದ, ಟೆಸ್ಟರ್ ಇಟ್ಟು ತಾನೂ ನೋಡಿಕೊಂಡ, ಫ್ಯೂಸನ್ನು ಒತ್ತಿ ಕೂರಿಸಿದ. ಹಿಡಿದ ರೀತಿಯಲ್ಲಿ ತಪ್ಪು ಹುಡುಕಲು ಮೇಸ್ತ್ರಿ ಬಗ್ಗಿ ನೋಡಿದ. ಸಿಗಲಿಲ್ಲ. ಅದಕ್ಕೇ ಇನ್ನಷ್ಟು ಸಿಟ್ಟು ಬಂತು. ಒಳಗೆ ಹೋಗಿ ಎಂಸಿಬಿ ಏರಿಸಿದ. ಯಂತ್ರ ಒಮ್ಮೆ ಮೈ ಕೊಡವಿ, ಗುಂಯ್ ಎಂದಿತು.

"ಅಬ್ಬಾ, ಬಂತು!" ಎಂದಳು ಹೆಂಡತಿ ಒಳಗಿನಿಂದ. "ಇಬ್ರೂ ಕೋಣಗಳು ಅಲ್ಲೇ ಇದ್ದೀರಾ, ಕಾದಾಡಿ ಸತ್ರಾ?"

ಮಗ ನಗು ನುಂಗಿಕೊಂಡು ಸಂದಿಯ ಕಡೆ ತಿರುಗಿದ.

"ಎಲ್ಲಿಗೆ ಹೊರಟೆ?" ಮೇಸ್ತ್ರಿ ಹಿಂಬಾಗಿಲಲ್ಲಿ ನಿಂತು ಗುಡುಗಿದ. "ಅರ್ಧ ತೊಳೆದು ಬಿಟ್ಟು ಹೋಗಿದ್ದೀಯಲ್ಲ, ಅದನ್ನ ನಿಮ್ಮ ತಾತ ಬಂದು ತೊಳೀತಾನಾ? ಕೋಣೆ ತಣ್ಣಗಾಗ್ಲಿ, ಸಂಜೆ ನಿಲ್ಸಿ ಮುಗಿಸ್ಬಿಟ್ಟು ಹೋಗು."

"ಸಂಜೆವರೆಗೂ ಎಲ್ಲಿ ಕೂರ್ಲಿ? ಈ ಬಿಸಿಲಲ್ಲೇ?"

"ನನ್ನನ್ಯಾಕೆ ಕೇಳ್ತೀಯ? ಒಳಗೆ ಹೋಗಿ ನಿಮ್ಮಮ್ಮನ್ನ ಕೇಳು" ಎಂದು ಮೇಸ್ತ್ರಿ ಬಾಗಿಲಿನಿಂದ ಪಕ್ಕಕ್ಕೆ ಸರಿದು ನಿಂತ.