ಹಿರಿಯ ಬೋಧಕರ ಐದು ವೋಲ್ಟು

ನಮ್ಮ ಭಾವನಿಗೆ ತನ್ನ ಮೇಲೆ ಅನುಮಾನ ಅನ್ನುವುದು ಇರಲಿಲ್ಲ. ಮಿಕ್ಕಿದ್ದೆಲ್ಲ ಇತ್ತು: ಡಿಪ್ಲೊಮಾ, ತರಬೇತಿ ಸಂಸ್ಥೆಯಲ್ಲಿ ಕೆಲಸ, ವೋಲ್ಟು ಅಳೆಯುವ ಹನ್ನೆರಡು ವರ್ಷ ಹಳೆಯ ಮೀಟರು. ಹುಡುಗರು ಕದ್ದಾರೆಂದು ಮೀಟರಿನ ಮುಖಕ್ಕೆ ‘ಹಿರಿಯ ಬೋಧಕರು’ ಎಂಬ ಚೀಟಿ ಅಂಟಿಸಿದ್ದ. ಚೀಟಿಯ ಅಂಚು ಪರದೆಯ ಒಂದು ಮೂಲೆಯನ್ನೂ ಮುಚ್ಚಿತ್ತು.

ಅಕ್ಕ ಅವನಿಗೆ ಹೇಳಿದ್ದು ಫ್ಯಾನು ಬದಲಿಸಲು, ಅಷ್ಟೇ. ಮೊಟ್ಟೆಗೆ ಕಾವು ಕೊಡುವ ಅವಳ ಪೆಟ್ಟಿಗೆಯ ಪುಟ್ಟ ಫ್ಯಾನು ಕಿರ್ ಎನ್ನುತ್ತಿತ್ತು. ಒಳಗೆ ನಲವತ್ತೆರಡು ಮೊಟ್ಟೆ. ಅಂದು ಹದಿನೆಂಟನೆಯ ದಿನ. ಇನ್ನು ಮೂರು ದಿನಕ್ಕೆ ಮರಿ. ದಿನಕ್ಕೆ ಮೂರು ಸಲ ಒಂದೊಂದನ್ನೂ ಕೈಯಾರೆ ತಿರುಗಿಸಿದ್ದಳು. ಈ ಸಲ ಮರಿಯಾಗದಿದ್ದರೆ ಪೆಟ್ಟಿಗೆ ಗುಜರಿಗೆ, ಕೋಣೆ ತನ್ನ ಸಾಮಾನಿಗೆ ಎಂದು ಭಾವ ಮೊದಲೇ ಫರ್ಮಾನು ಹೊರಡಿಸಿದ್ದ.

ಫ್ಯಾನು ಹತ್ತು ನಿಮಿಷದ ಕೆಲಸ. ಅಷ್ಟಕ್ಕೇ ಎದ್ದರೆ ಅವನು ಭಾವನಲ್ಲ. ಹೇಗೂ ಬಿಚ್ಚಿದ್ದಾಯಿತು ಎಂದು ರೆಗ್ಯುಲೇಟರಿಗೆ ಮೀಟರಿನ ಮೊನೆ ತಾಗಿಸಿದ. ಹನ್ನೆರಡು ವೋಲ್ಟನ್ನು ಇಳಿಸಿ, ಶಾಖ ನೋಡಿಕೊಳ್ಳುವ ಬೋರ್ಡಿಗೆ ಐದು ಕೊಡುವ ಮೂರು ಕಾಲಿನ ಬಿಲ್ಲೆ ಅದು. ಮೀಟರು ಆರೂ ಮುಕ್ಕಾಲು ತೋರಿಸಿತು.

“ಸತ್ತಿದೆ,” ಎಂದ.

ಅಕ್ಕ ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಳು. “ಇಷ್ಟು ದಿನ ಚೆನ್ನಾಗೇ ನಡೀತಿತ್ತಲ್ರೀ.”

“ನೀನು ಮೊಟ್ಟೆ ತಿರುಗ್ಸು. ಇದು ಓದಿದವರ ಕೆಲಸ.”

ಅವಳು ಹೋದಳು. ರಜೆ ಹಾಕಿ ಅಕ್ಕನ ಮನೆಗೆ ಬಂದಿದ್ದ ನಾನು ತಮಾಷೆ ನೋಡುತ್ತ ಕುಳಿತೆ. ಭಾವ ತನ್ನ ಡಬ್ಬಿಯಿಂದ ಹೊಸ ಬಿಲ್ಲೆ ತೆಗೆದು ಬೆಸೆದ. ಆರೂ ಮುಕ್ಕಾಲು. ಇನ್ನೊಂದು ಬೆಸೆದ. ಆರೂ ಮುಕ್ಕಾಲು. ಮೂರನೆಯದಕ್ಕೂ ಅದೇ ಜಾತಕ.

“ಮೂರೂ ಒಂದೇ ಅಳತೆಗೆ ಕೆಟ್ಟಿರತ್ತಾ ಭಾವ?” ಎಂದೆ.

“ಎಲ್ಲ ಡುಪ್ಲಿಕೇಟಮ್ಮ ಈಗ. ಮನುಷ್ಯರೂ ಸೇರಿ.”

“ಮೀಟರು?”

“ಈ ಮೀಟರು ಹಿಡ್ಕೊಂಡು ಮುನ್ನೂರು ಜನಕ್ಕೆ ಪಾಠ ಹೇಳಿದೀನಿ.”

ಆ ಮುನ್ನೂರು ಜನರನ್ನು ನೆನೆದು ಮರುಗಿದೆ. ಆಮೇಲೆ ಸುಮ್ಮನಾದೆ, ಅದು ನನ್ನ ಪಾಲಿನ ತಪ್ಪು.

ಕೊನೆಗೆ ಅವನು ಸ್ಕ್ರೂ ತಿರುಗಿಸಿ ವೋಲ್ಟು ಹೆಚ್ಚು ಕಡಿಮೆ ಮಾಡುವಂಥ ರೆಗ್ಯುಲೇಟರು ಹಾಕಿದ. ನಾಲಿಗೆ ಕಚ್ಚಿಕೊಂಡು ತಿರುಗಿಸಿ ತಿರುಗಿಸಿ, ಮೀಟರಿನಲ್ಲಿ ಸರಿಯಾಗಿ ಐದು ಬಂದಾಗ ನಿಲ್ಲಿಸಿದ. ಪೆಟ್ಟಿಗೆ ಮುಚ್ಚಿ, ಮೀಸೆ ನೀವಿ, ಊಟ ಮಾಡಿ ಮಲಗಿದ. ನಾನೂ ಮಲಗಿದೆ.

ಸಂಜೆ ಅಕ್ಕ ಬಂದು ಮುಚ್ಚಳ ತೆಗೆದಳು. ಒಲೆಯ ಮುಂದೆ ನಿಂತಂತೆ ಬಿಸಿಗಾಳಿ ಮುಖಕ್ಕೆ ಹೊಡೆಯಿತು. ಇರಬೇಕಾದ್ದು ಮೂವತ್ತೇಳೂವರೆ ಡಿಗ್ರಿ; ಬೋರ್ಡಿನ ಅಂಕಿ ಮೂವತ್ತನಾಲ್ಕು ಎನ್ನುತ್ತಿತ್ತು. ಶಾಖ ಅಳೆಯಲು ಅವಳು ಒಳಗಿಟ್ಟಿದ್ದ ಗಾಜಿನ ಕಡ್ಡಿ ನಲವತ್ತಾರು ಎಂದಿತು. ಕಾವು ಕೊಡುವ ಬಲ್ಬು ಆರಿಯೇ ಇರಲಿಲ್ಲ.

ನಡೆದದ್ದನ್ನು ನಾನು ಹೇಳಿದೆ. ಅವಳು ಮೀಟರು ಎತ್ತಿಕೊಂಡು ಉಗುರಿನಿಂದ ಚೀಟಿ ಕಿತ್ತಳು. ಅದರಡಿ, ಪರದೆಯ ಮೂಲೆಯಲ್ಲಿ, ಬ್ಯಾಟರಿ ಮುಗಿಯಿತೆನ್ನುವ ಪುಟ್ಟ ಗುರುತು ಮಿಟುಕುತ್ತಿತ್ತು. ಬ್ಯಾಟರಿ ಇಳಿದ ಮೀಟರು ಇಲ್ಲದ ವೋಲ್ಟನ್ನೂ ಸೇರಿಸಿ ತೋರಿಸುತ್ತದೆ. ಹೊಸ ಬ್ಯಾಟರಿ ಹಾಕಿ ಅಳೆದಳು. ಭಾವನ ಐದು ವೋಲ್ಟು ನಾಲ್ಕೂ ಮುಟ್ಟಲಿಲ್ಲ. ಅಷ್ಟು ಕಡಿಮೆ ವೋಲ್ಟಿನಲ್ಲಿ ಆ ಬೋರ್ಡಿಗೆ ಶಾಖ ಸರಿಯಾಗಿ ತಿಳಿಯದು. ತಣ್ಣಗಿದೆ ಎಂದುಕೊಂಡು ಇಡೀ ಮಧ್ಯಾಹ್ನ ಬೇಯಿಸಿತ್ತು. ಕಿತ್ತೆಸೆದ ಹಳೆಯ ಬಿಲ್ಲೆಯನ್ನು ಮತ್ತೆ ಜೋಡಿಸಿ ಅಳೆದಾಗ ಸರಿಯಾಗಿ ಐದು ಬಂತು.

“ಈಗಿನ ಬ್ಯಾಟರಿ ಮಾಡೋರಿಗೆ ಮರ್ಯಾದೆನೇ ಇಲ್ಲ,” ಎಂದ ಭಾವ, ಕೋಣೆಯ ಗೋಡೆಯನ್ನು ಗೇಣಿನಿಂದ ಅಳೆಯುತ್ತ.

ಅಕ್ಕ ಒಂದೊಂದೇ ಮೊಟ್ಟೆಯನ್ನು ಬೆಳಕಿಗೆ ಹಿಡಿದು ಬುಟ್ಟಿಗೆ ಹಾಕಿದಳು. ಯಾವುದರೊಳಗೂ ಮರಿ ಅಲುಗಲಿಲ್ಲ. ನಲವತ್ತೆರಡು.