ಸೀಸನ್ ಯಾವಾಗ?

ಒಪ್ಪಿಗೆ ಪತ್ರದ ಮೂರನೆಯ ಸಾಲಿಗೆ ಬರುವ ಹೊತ್ತಿಗೆ ಸುನಂದಳ ಕಿವಿ ಬಿಸಿಯಾಗಿತ್ತು.

ಬೆಳಗಿನ ಜಾವದಿಂದ ಶ್ರೀನಿವಾಸಪುರದ ಮಂಡಿಯಲ್ಲಿ ಬಾದಾಮಿ ಬೇರೆ, ಬೇನಿಷಾ ಬೇರೆ ಎಂದು ಮಾವಿನಕಾಯಿ ಆರಿಸಿ, ಮೇಸ್ತ್ರಿಯ ಗೊಣಗಾಟದ ನಡುವೆಯೇ ಅರ್ಧ ದಿನದ ರಜೆ ಕಿತ್ತುಕೊಂಡು, ಮಗಳು ಶಿವಾನಿಯನ್ನು ಹೊರಡಿಸಿಕೊಂಡು ಕೋಲಾರಕ್ಕೆ ಬಂದಿದ್ದಳು. ಮಾವಿನ ಸೊನೆ ತಗುಲಿ ಕಪ್ಪಾದ ಹೆಬ್ಬೆರಳನ್ನು ಅಕ್ಷರಗಳ ಕೆಳಗಿಟ್ಟು ಓದುತ್ತಿದ್ದಳು. ಶಿವಾನಿಗೆ ಹದಿನೇಳು. ಹೆಣ್ಣುಮಕ್ಕಳ ಫುಟ್‌ಬಾಲ್ ಲೀಗ್‌ನಲ್ಲಿ ಅಂತರಗಂಗೆ ತಂಡಕ್ಕೆ ಎರಡು ವರ್ಷದಿಂದ ಆಡುತ್ತಿದ್ದಾಳೆ. ಹದಿನೆಂಟು ತುಂಬದ ಹುಡುಗಿಯರಿಗೆ ಅಪ್ಪ ಅಮ್ಮನ ಸಹಿ ಬೇಕು. ಸಹಿಗೆಂದೇ ಇವತ್ತು ಎಲ್ಲರನ್ನೂ ಹಾಲ್‌ಗೆ ಕರೆಸಿ, ಹುಡುಗಿಯರನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು.

ಇದುವರೆಗೂ ಪಂದ್ಯಗಳು ನಡೆಯುತ್ತಿದ್ದದ್ದು ನವೆಂಬರಿನಿಂದ ಫೆಬ್ರವರಿ. ಈ ವರ್ಷ ಅದನ್ನು ಎತ್ತಿ ಏಪ್ರಿಲ್ ಕೊನೆಯಿಂದ ಜೂನ್‌ಗೆ ಇಟ್ಟಿದ್ದರು. ಮಧ್ಯಾಹ್ನ ಮೂರೂವರೆಗೆ ಆಟ. ಟೀವಿಯವರು ಕೊಟ್ಟ ಹೊತ್ತು ಅದಂತೆ. ಹೋದ ಮೇ ತಿಂಗಳಲ್ಲಿ ಮುಳಬಾಗಿಲಿನಲ್ಲಿ ಸುಮ್ಮನೆ ಒಂದು ಪಂದ್ಯ ಆಡಿ, ಅರ್ಧ ಆಟಕ್ಕೇ ಶಿವಾನಿ ಕೈಕಾಲು ಸೆಟೆದು ಬಿದ್ದಿದ್ದಳು. ಎರಡು ಬಾಟಲಿ ಗ್ಲೂಕೋಸ್ ಏರಿಸಿದ ಡಾಕ್ಟರಮ್ಮ, "ಬೇಸಿಗೇಲಿ ಮಧ್ಯಾಹ್ನದ ಬಿಸಿಲಿಗೆ ಇವಳನ್ನ ಇಳಿಸಿದ್ರೆ ಮುಂದಿನ ಸಲ ನನ್ನ ಹತ್ರ ತರಬೇಡಿ" ಎಂದಿದ್ದರು. ಆ ಮಾತು ಸುನಂದಳ ಎದೆಯಲ್ಲಿ ಮುಳ್ಳಿನಂತೆ ಕೂತಿತ್ತು.

ಈಗ ನೋಡಿದರೆ ಮೂರನೆಯ ಸಾಲು: ‘ಪೋಷಕರ ಕೋರಿಕೆಯ ಮೇರೆಗೆ ಸೀಸನ್ ಬದಲಾಯಿಸಲಾಗಿದೆ.’

"ಯಾರ್ ಸಾರ್ ಕೋರಿದ್ದು?" ಸುನಂದ ಎದ್ದು ನಿಂತಳು. "ಹೆಸರು ಹೇಳಿ. ಅವನ್ಯಾವನೋ, ಅವಳ್ಯಾವಳೋ, ಇಲ್ಲೇ ಮಾತಾಡಿಸ್ಬಿಡೋಣ."

ಬೆಂಗಳೂರಿನ ಲೀಗ್ ಆಫೀಸಿನಿಂದ ಬಂದಿದ್ದ ಚಂದ್ರಮೋಹನ್ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನಕ್ಕರು. "ನೀವೇ ಮೇಡಂ. ಅಕ್ಟೋಬರ್‌ನಲ್ಲಿ ಫಾರ್ಮ್ ಕಳಿಸಿದ್ವಲ್ಲ? ಇಪ್ಪತ್ತೆರಡು ಮನೆಯವರಲ್ಲಿ ಹತ್ತೊಂಬತ್ತು ಮಂದಿ ಬೇಸಿಗೆಯನ್ನೇ ಕೇಳಿದ್ದೀರಿ. ವೆಂಕಟ್, ತೋರಿಸಿ."

ತಂಡದ ಮ್ಯಾನೇಜರು ವೆಂಕಟ್ ಕಡತದಿಂದ ಒಂದು ಹಾಳೆ ಎಳೆದು, ಅವಳ ಕಣ್ಣು ತಪ್ಪಿಸಿ ಮುಂದಿಟ್ಟ. ಅವಳದೇ ಕೈಬರಹ. ಬಸ್‌ ಸ್ಟ್ಯಾಂಡಿನಲ್ಲಿ ಮೊಣಕಾಲ ಮೇಲಿಟ್ಟು ಬರೆದ ಸೊಟ್ಟ ಅಕ್ಷರ. ‘ನಿಮ್ಮ ಕಡೆ ಸೀಸನ್ ಯಾವಾಗ?’ ಎಂಬ ಪ್ರಶ್ನೆಯ ಮುಂದೆ: ‘ಏಪ್ರಿಲ್ ಕೊನೆಯಿಂದ ಜೂನ್. ಇನ್ಯಾವಾಗ?’

ಸುನಂದ ಆ ಹಾಳೆಯನ್ನು ಎರಡು ಸಲ ಓದಿದಳು. ಶ್ರೀನಿವಾಸಪುರದಲ್ಲಿ ಸೀಸನ್ ಎಂದರೆ ಒಂದೇ. ಸೀಸನ್ ಮುಗೀಲಿ ಮದುವೆ ಮಾತಾಡೋಣ ಎನ್ನುತ್ತಾರೆ. ಸೀಸನ್‌ನಲ್ಲಿ ಹುಟ್ಟಿದ ಮಗು ಎನ್ನುತ್ತಾರೆ. ಅಲ್ಲಿ ಯಾರೂ ‘ಯಾವುದರ ಸೀಸನ್’ ಎಂದು ಕೇಳಿದವರಿಲ್ಲ.

"ಇದು ಮಾವಿನಕಾಯಿ ಸಾರ್!"

"ಏನು?"

"ಸೀಸನ್ ಯಾವಾಗ ಅಂದ್ರೆ ಮಾವಿನಕಾಯಿ ಯಾವಾಗ ಅಂತ! ನಿಮಗೆ ಬಿಡುವಿಲ್ಲದ ಕಾಲ ಯಾವುದು, ಆ ಕಾಲ ಬಿಟ್ಟು ಆಡಿಸ್ತೀವಿ ಅಂತ ಕೇಳ್ತಿದ್ದೀರ ಅಂದ್ಕೊಂಡೆ. ಆಡಿಸ್ಬೇಡಿ ಅಂತ ಬರೆದ ತಿಂಗಳಲ್ಲೇ ಆಡಿಸೋಕೆ ಹೊರಟಿದ್ದೀರಲ್ಲ!"

ಹಿಂದಿನ ಸಾಲಿನಿಂದ ಬೈರಕೂರಿನ ಮುತ್ಯಾಲಮ್ಮ ಎದೆ ಮುಟ್ಟಿಕೊಂಡಳು. "ಅಯ್ಯೋ ದೇವುಡಾ! ನಾನೂ ಅದೇ ಬರ್ದಿದ್ದೀನಿ ಕಣಕ್ಕಾ."

"ನಾನು ಜನವರಿಯಿಂದ ಮೇ ಅಂತ ಬರೆದೆ," ಎಂದ ಮಾಲೂರಿನ ಗಂಗುಲಪ್ಪ, ತಲೆ ಕೆರೆಯುತ್ತಾ. "ಇಟ್ಟಿಗೆ ಗೂಡಿಗೆ ಅದೇ ಅಲ್ವಾ ಸೀಸನ್ನು?"

ಯಾರೋ ಕಿಸಕ್ಕೆಂದರು. ಸುನಂದ ತಿರುಗಿ ನೋಡಿದ ರಭಸಕ್ಕೆ ಆ ನಗೆ ಅಲ್ಲೇ ಸತ್ತಿತು.

"ಲೇ ವೆಂಕಟ, ನೀನು ಈ ನೀರು ಕುಡಿದೇ ಬೆಳೆದವನಲ್ವೇನೋ? ಇಟ್ಟಿಗೆ ಗೂಡು ಸುಡೋ ಕಾಲದಲ್ಲಿ ಹುಡುಗೀರು ಚೆಂಡು ಒದೀಲಿ ಅಂತ ಯಾವ ಅಪ್ಪ ಬರೀತಾನೆ? ನಿನಗೂ ತಿಳೀಲಿಲ್ವಾ?"

"ಅಕ್ಕ, ನಾನು ಓದಿದ್ರೆ ತಾನೆ?" ಎಂದ ವೆಂಕಟ್ ಮೆಲ್ಲಗೆ. "ಸ್ಕ್ಯಾನ್ ಮಾಡಿ ಕಳಿಸ್ಬಿಟ್ಟೆ."

ಚಂದ್ರಮೋಹನ್ ಗಂಟಲು ಸರಿಮಾಡಿಕೊಂಡರು. "ನೋಡಿ, ತಪ್ಪು ತಿಳುವಳಿಕೆ ಆಗಿರಬಹುದು. ಆದರೂ ಈ ಬದಲಾವಣೆ ಒಳ್ಳೇದೇ. ಚಳಿಗಾಲದಲ್ಲಿ ಆಡಿದ್ರೆ ಕ್ಲಾಸು ತಪ್ಪುತ್ತೆ, ಮಾರ್ಚ್ ಪರೀಕ್ಷೆಗೆ ಹೊಡೆತ. ಬೇಸಿಗೇಲಿ ಕಾಲೇಜಿಗೆ ರಜಾ. ಮಕ್ಕಳ ಓದಿಗೋಸ್ಕರಾನೇ ಯೋಚನೆ ಮಾಡಿದ್ದು."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹೋದ ವರ್ಷ ಶಿವಾನಿ ಲೆಕ್ಕದಲ್ಲಿ ಅಂಚಿಗೆ ಬಂದು ಪಾಸಾಗಿದ್ದಳು. ಅದು ನೆನಪಾದದ್ದೇ ತಡ, ಸುನಂದಳ ಸಿಟ್ಟು ಇನ್ನೂ ಏರಿತು. ಸರಿಯಾದ ಮಾತಿನಿಂದ ತಪ್ಪು ಕೆಲಸಕ್ಕೆ ಕೊಡೆ ಹಿಡಿಸುವುದನ್ನು ಅವಳು ಮಂಡಿಯಲ್ಲಿ ದಿನಾ ನೋಡುತ್ತಿದ್ದಳು. ಪೆಟ್ಟಿಗೆಯ ಮೇಲಿನ ಎರಡು ಸಾಲು ಹೊಳೆಯುವ ಹಣ್ಣು, ಕೆಳಗೆ ಕೊಳೆತದ್ದು.

"ಓದೋಕೆ ಮೊದ್ಲು ಉಸಿರಿರ್ಬೇಕು ಸಾರ್. ರಜಾದಲ್ಲಿ ಆಡಿಸಿ, ಬೇಡ ಅಂದವರ್ಯಾರು? ಮೂರೂವರೆಗೆ ಯಾಕೆ? ಅದೂ ನಾವು ಕೋರಿದ್ದಾ?"

"ಅದು ಪ್ರಸಾರದ ಒಪ್ಪಂದ. ದಯವಿಟ್ಟು ಸಹಿ ಮಾಡಿ ಮೇಡಂ, ಇವತ್ತೇ ಕೊನೇ ದಿನ."

ಸುನಂದ ಪೆನ್ನನ್ನು ಮೇಜಿನ ಮೇಲಿಟ್ಟಳು. "ಇಲ್ಲ ಸಾರ್. ನಮಗೀಗ ಸೀಸನ್ನು. ಸಹಿ ಹಾಕೋಕೆ ಪುರುಸೊತ್ತಿಲ್ಲ."

ಮುತ್ಯಾಲಮ್ಮ ತನ್ನ ಪೆನ್ನು ತಂದು ಅದರ ಪಕ್ಕಕ್ಕೆ ಇಟ್ಟಳು. "ನಮಗೂ ಸೀಸನ್ನೇ." ಗಂಗುಲಪ್ಪ ಜೇಬಿಗೆ ಸಿಕ್ಕಿಸಿಕೊಂಡಿದ್ದನ್ನು ತೆಗೆದು ಇಟ್ಟ. ಪೆನ್ನುಗಳು ಒಂದೊಂದಾಗಿ ಬಂದು ಹತ್ತೊಂಬತ್ತಾದವು. ಹನ್ನೊಂದು ಮಂದಿಯಿಲ್ಲದೆ ತಂಡವಿಲ್ಲ ಎಂಬುದನ್ನು ಚಂದ್ರಮೋಹನ್ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಗೆದ್ದವಳಂತೆ ಹೊರಬಂದ ಸುನಂದಳಿಗೆ ಬಾಗಿಲ ಬಳಿ ಮಗಳ ಮುಖ ಕಂಡಿತು. ಆ ಮುಖದಲ್ಲಿ ಗೆಲುವಿರಲಿಲ್ಲ.

ವಾಪಸು ಬರುವ ಬಸ್ಸಿನಲ್ಲಿ ಶಿವಾನಿ ಕಿಟಕಿಗೆ ಅಂಟಿಕೊಂಡು ಕೂತಳು. ಹೋಳೂರು ದಾಟಿದ ಮೇಲೆ ಬಾಯಿಬಿಟ್ಟಳು.

"ನೀನೂ ಅವರ ಥರಾನೇ ಅಮ್ಮ."

"ಏನೇ ಅಂದೆ?"

"ಫಾರ್ಮ್ ತುಂಬೋವಾಗ ನನ್ನ ಕೇಳಿದ್ಯಾ? ಇವತ್ತು ಪೆನ್ನು ಬಿಸಾಕೋವಾಗ ಕೇಳಿದ್ಯಾ? ಆಡೋಳು ನಾನು. ಈ ವರ್ಷ ಕೂತ್ರೆ ಮುಂದಿನ ವರ್ಷ ನನ್ನ ಹೆಸರು ಯಾರು ಕರೀತಾರೆ?"

"ಬಿದ್ದು ಸತ್ರೆ ಯಾರೇ ಕರೀತಾರೆ? ನಿನ್ನ ಬಾಯಲ್ಲಿ ನೊರೆ ಬಂದಿದ್ದು ಒರೆಸಿದ್ದು ನಾನು!"

"ಕೂಗ್ಬೇಡ. ಎಲ್ಲಾ ನೋಡ್ತಿದ್ದಾರೆ."

"ನೋಡ್ಲಿ!"

ಎದುರು ಸೀಟಿನ ಅಜ್ಜಿ ನಿಜಕ್ಕೂ ಪೂರ್ತಿ ತಿರುಗಿ ಕೂತು ನೋಡುತ್ತಿದ್ದಳು. ಸುನಂದಳಿಗೆ ಅಳು ಬಂತು. ಅದಕ್ಕೂ ಸಿಟ್ಟು ಬಂತು. ಸೆರಗಿನಿಂದ ಮುಖ ಉಜ್ಜಿಕೊಂಡು ಕೇಳಿದಳು, "ಸರಿ. ಕೇಳಿದ್ರೆ ಏನಂತಿದ್ದೆ?"

ಶಿವಾನಿ ಬೆರಳಿನಿಂದ ಕಿಟಕಿಯ ಧೂಳು ಗೀಚಿದಳು. "ಬೆಳಿಗ್ಗೆ ಆರೂವರೆಗೆ ಆಡಿಸಿ ಅಂತಿದ್ದೆ. ನಾವು ಪ್ರಾಕ್ಟೀಸ್ ಮಾಡೋದೂ ಆ ಹೊತ್ತಿಗೇ. ಟೀವಿಯವರು ಬರದೇ ಇದ್ರೆ ಕತ್ತೆ ಬಾಲ. ನಮ್ಮ ಆಟ ಯಾವತ್ತು ಟೀವೀಲಿ ಬಂದಿತ್ತು?"

ಸುನಂದ ಮಗಳನ್ನೇ ನೋಡಿದಳು. ಅಷ್ಟು ದೊಡ್ಡ ಹಾಲ್‌ನಲ್ಲಿ ಅಷ್ಟು ಬಾಯಿಗಳಿದ್ದವು. ಈ ಒಂದು ಬಾಯಿಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದರು. ನಿಲ್ಲಿಸಿದವರಲ್ಲಿ ತಾನೂ ಒಬ್ಬಳು.

ಫೋನು ತೆಗೆದಳು. "ಲೇ ವೆಂಕಟ, ಕಾಗದ ತಗೋ, ಬರ್ಕೊ. ಈ ಸಲ ಓದ್ಬಿಟ್ಟು ಕಳ್ಸು. ಆಟ ಬೆಳಿಗ್ಗೆ ಆರೂವರೆಗೆ. ಬೇರೆ ಊರಲ್ಲಾದ್ರೆ ಸಂಜೆ ಬಿಸಿಲು ಇಳಿದ ಮೇಲೆ. ಇದಕ್ಕೆ ಒಪ್ಪಿದ್ರೆ ಹತ್ತೊಂಬತ್ತು ಸಹಿ ಒಂದೇ ದಿನ ಬರ್ತವೆ. ಇಲ್ಲಾಂದ್ರೆ ಅವರೇ ಬಂದು ಆಡ್ಲಿ."

ನಾಲ್ಕನೆಯ ದಿನ ವೆಂಕಟ್ ಹೊಸ ಹಾಳೆ ಹಿಡಿದು ಮಂಡಿಗೇ ಬಂದ. ಹೊತ್ತು ಬದಲಾಗಿತ್ತು: ಕೋಲಾರದಲ್ಲಿ ಬೆಳಿಗ್ಗೆ ಆರೂವರೆ, ಹೊರಗೆ ಸಂಜೆ ಐದೂವರೆ. ತಿಂಗಳು ಬದಲಾಗಿರಲಿಲ್ಲ. ‘ಮುಂದಿನ ವರ್ಷದ ಸೀಸನ್ ಪರಿಶೀಲನೆಯಲ್ಲಿದೆ’ ಎಂದಿತ್ತು.

"ಪರಿಶೀಲನೆಯಂತೆ!" ಸುನಂದ ಹಲ್ಲು ಕಡಿದಳು. ಕಾಯಿಯ ರಾಶಿಯ ಪಕ್ಕ ಕೂತಿದ್ದ ಮಗಳ ಕಡೆ ಹಾಳೆ ಚಾಚಿದಳು. "ಓದು. ಪೂರ್ತಿ ಓದು. ಹಾಕ್ಲಾ?"

ಶಿವಾನಿ ಪೂರ್ತಿ ಓದಿ ತಲೆಯಾಡಿಸಿದಳು. ಸುನಂದ ಸಹಿ ಹಾಕಿದಳು. ಸೊನೆಯ ಕಲೆ ಹೆಸರಿನ ಪಕ್ಕ ಇನ್ನೊಂದು ಸಹಿಯಂತೆ ಹತ್ತಿಕೊಂಡಿತು. ಕೊಡುವ ಮುಂಚೆ ಏನೋ ಹೊಳೆದು, ‘ಸೀಸನ್’ ಎಂಬ ಪದ ಬಂದಲ್ಲೆಲ್ಲ ಹೊಡೆದುಹಾಕಿ, ಮೇಲೆ ದಪ್ಪಕ್ಷರದಲ್ಲಿ ಬೇರೆ ಪದ ಬರೆದಳು.

ವೆಂಕಟ್ ಇಣುಕಿದ. "ಏನಕ್ಕಾ ಅದು?"

"ಚೆಂಡಾಟ," ಎಂದಳು ಸುನಂದ. "ಓದ್ಬಿಟ್ಟು ಕಳ್ಸು."